ಕೊನೆಯ ಕಂಬದ ಹನ್ನೆರಡು ನಿಮಿಷ

"ಕೊನೇ ಸಾಲು ಓದಿ," ಎಂದ ಕನ್ನಡಕದವನು.

ಮೀಟರಕ್ಕ ಓದಲಿಲ್ಲ. ಮೂಗಿನ ಮೇಲೆ ಭಾರದ ಚೌಕಟ್ಟು, ಅದರೊಳಗೊಂದು ಗಾಜು, ಎದುರಿನ ಗೋಡೆಯಲ್ಲಿ ಅಕ್ಷರದ ಪಟ. ಆದರೆ ಅವಳ ಕಣ್ಣಿದ್ದದ್ದು ಪಟದ ಪಕ್ಕದ ತೆರೆದ ಬಾಗಿಲಾಚೆ, ನಡುಮನೆಯ ಗೋಡೆಯ ಮರದ ಹಲಗೆಯ ಮೇಲೆ. ಅಲ್ಲಿ ಎರಡು ಮೀಟರುಗಳು ಗಂಡ ಹೆಂಡಿರ ಹಾಗೆ ಅಕ್ಕಪಕ್ಕ ಕೂತಿದ್ದವು.

"ಕಾಣ್ತಿಲ್ವಾ?"

"ಕಾಣ್ತಿದೆ. ಓದೋಕೆ ಸ್ವಲ್ಪ ಹತ್ತಿರ ಹೋಗ್ಬೇಕು, ಅಷ್ಟೆ."

ಅದು ಸುಳ್ಳಲ್ಲ. ಮೂವತ್ತೊಂದು ವರ್ಷ ಮನೆಮನೆಯ ಮೆಟ್ಟಿಲ ಕೆಳಗೆ, ಶೌಚಾಲಯದ ಹಿಂದೆ, ನಾಯಿ ಕಟ್ಟಿದ ಮೂಲೆಯಲ್ಲಿ ಬಗ್ಗಿ ನಿಂತು ಅಂಕಿ ಓದಿದವಳು ಅವಳು. ನಿವೃತ್ತಿಯಾಗಿ ಎರಡು ವರ್ಷವಾದರೂ ಬೀದಿಯ ಜನ ಅವಳನ್ನು ಕರೆಯುವುದು ಮೀಟರಕ್ಕ ಎಂದೇ. ಕಣ್ಣು ಇನ್ನೂ ಹದ್ದಿನ ಕಣ್ಣು. ಕನ್ನಡಕ ಅವಳಿಗೆ ಬೇಕಾಗಿರಲಿಲ್ಲ, ಮುಂದಿನ ಕೋಣೆಯಲ್ಲಿ ಕನ್ನಡಕದ ಅಂಗಡಿಯಿದ್ದ ಈ ಮನೆಯೊಳಕ್ಕೆ ಬರಲು ಒಂದು ನೆಪ ಬೇಕಿತ್ತು.

ಐದು ದಿನದ ಹಿಂದೆ ಈ ಬೀದಿಯ ಕೊನೆಯ ಕಂಬದ ಮೇಲೆ, ಆಫ್ ಆಗಿದ್ದ ಲೈನಿನಲ್ಲಿ, ಲೈನ್‌ಮನ್ ಕರೆಂಟ್ ಹೊಡೆದು ಸತ್ತಿದ್ದ; ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಏಣಿ ಎಂದು. ಸ್ವಿಚ್ ಹಾಕಿದವನು ನೀನೇ ಎಂದು ಸಬ್‌ಸ್ಟೇಷನ್ನಿನ ಆಪರೇಟರನ್ನು, ಅಂದರೆ ಅವಳ ತಮ್ಮನನ್ನು, ಪೊಲೀಸರು ಎಳೆದೊಯ್ದಿದ್ದರು.

ನಾಳೆ ಬೆಳಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ವಕೀಲ ಸುತ್ತಿ ಬಳಸಿ ಮಾತಾಡುವವನಲ್ಲ. "ಆ ತಂತಿಗೆ ಬೇರೆ ಎಲ್ಲಿಂದಲೋ ಕರೆಂಟ್ ಬಂತು ಅಂತ ತೋರಿಸಿ, ನಾಳೇನೇ ಮನೆಗೆ ಕರ್ಕೊಂಡ್ ಹೋಗಿ. ತೋರಿಸೋಕೆ ಆಗ್ಲಿಲ್ವಾ, ಇನ್ನು ಹತ್ತು ವರ್ಷ ಮರೆತುಬಿಡಿ," ಎಂದಿದ್ದ.

ತಮ್ಮನಾದರೋ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಸತ್ತವನು ಅವನ ಜೀವದ ಗೆಳೆಯ. ಆಘಾತದಿಂದ ಮಾತು ನಿಂತಿದೆ ಎಂದು ಅವಳು ತಿಳಿದಿದ್ದಳು. ತಾಯಿ ಸತ್ತಾಗ ಅವನಿಗೆ ಏಳು ವರ್ಷ, ಅವಳಿಗೆ ಹತ್ತೊಂಬತ್ತು. ಅಕ್ಕ ಅನ್ನುವುದು ಬರೀ ಹೆಸರಿಗೆ, ಸಾಕಿದವಳು ಅವಳೇ.

ಒಳಕೋಣೆಯಲ್ಲಿ ಒಂದು ಯಂತ್ರ ಬಿಡದೆ ಉಸಿರಾಡುತ್ತಿತ್ತು. ಐದು ಎಣಿಸುವಷ್ಟರಲ್ಲಿ ಒಮ್ಮೆ ಬುಸ್ ಎನ್ನುತ್ತಿತ್ತು. ನಡುವೆ ಒಂದು ಹೆಣ್ಣುದನಿ ಕೆಮ್ಮಿತು.

"ನನ್ನ ಹೆಂಡತಿ," ಎಂದ ಕನ್ನಡಕದವನು. "ಶ್ವಾಸಕೋಶ ಕೈಕೊಟ್ಟಿದೆ. ಆಮ್ಲಜನಕದ ಯಂತ್ರ ಇಪ್ಪತ್ನಾಲ್ಕು ಗಂಟೆ ಓಡ್ಬೇಕು. ಒಂದ್ನಿಮಿಷ, ನೋಡಿ ಬರ್ತೀನಿ."

"ನಿಧಾನವಾಗಿ ನೋಡಿ ಬನ್ನಿ. ನನಗೇನು ಅವಸರ?"

ಅವನ ಬೆನ್ನು ಮರೆಯಾದದ್ದೇ ತಡ, ಅವಳು ಚೌಕಟ್ಟನ್ನು ಕಿತ್ತು ಮಸೂರಗಳ ಡ್ರಾಯರಿನ ಮೇಲಿಟ್ಟು ನಡುಮನೆಗೆ ಬಂದಳು. ಮೊದಲ ಮೀಟರು ಮಾಳಿಗೆಯ ಸೌರ ಹಲಗೆಗಳು ತಯಾರಿಸುವ ಕರೆಂಟನ್ನು ಎಣಿಸುವುದು. ಅದು ಅವಳಿಗೆ ಬೇಡ. ಎರಡನೆಯದು ಬೀದಿಯಿಂದ ಮನೆಗೆ ಬಂದದ್ದನ್ನೂ ಮನೆಯಿಂದ ಬೀದಿಗೆ ಹೋದದ್ದನ್ನೂ ಎಣಿಸುವುದು. ಅದರ ಕೆಳಗಿನ ಪುಟ್ಟ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು.

ಜನ ಈ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ, ಬಿಲ್ಲಿನ ಅಂಕಿ ನೋಡುತ್ತಾರೆ, ಬೈದುಕೊಂಡು ಒಳಗೆ ಹೋಗುತ್ತಾರೆ. ಹತ್ತೊಂಬತ್ತು ಸಲ ಒತ್ತಿದರೆ ಕರೆಂಟ್ ಯಾವಾಗ ಹೋಯಿತು, ಯಾವಾಗ ಬಂತು ಎಂಬ ಪಟ್ಟಿ ತೆರೆದುಕೊಳ್ಳುತ್ತದೆ ಎಂಬುದು ಅವಳಂಥವಳಿಗೆ ಮಾತ್ರ ಗೊತ್ತು. ಮೀಟರು ಚಾಡಿ ಹೇಳುವುದಿಲ್ಲ, ಆದರೆ ಕೇಳಿದರೆ ಏನನ್ನೂ ಮುಚ್ಚಿಡುವುದಿಲ್ಲ.

ಬೆಳಗ್ಗೆಯೇ ಅವಳು ಅಕ್ಕಪಕ್ಕದ ಎರಡು ಮೀಟರುಗಳನ್ನು ಕೇಳಿ ಬಂದಿದ್ದಳು. ಮೊದಲ ಅನುಮಾನ ಇಸ್ತ್ರಿ ಅಂಗಡಿಯವನ ಮೇಲೆ. ಅವನಲ್ಲೊಂದು ಡೀಸೆಲ್ ಜನರೇಟರ್ ಇತ್ತು. "ಆವತ್ತು ನಾನು ಜನರೇಟರ್ ಹಾಕೇ ಇಲ್ಲಕ್ಕ, ಆಣೆ ಮಾಡ್ಲಾ?" ಎಂದು ಅವಳು ಬಾಯಿ ತೆರೆಯುವ ಮೊದಲೇ ಕೂಗಾಡಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಅವಳು ನಕ್ಕಿದ್ದಳು. ಆದರೆ ಜನರೇಟರಿನ ಹೊಟ್ಟೆ ಬಗ್ಗಿ ನೋಡಿದರೆ ಜೇಡ ಮನೆ ಕಟ್ಟಿತ್ತು. ಪಾಪ, ಅವನು ಹೆದರಿದ್ದು ಲೈಸೆನ್ಸ್ ಇಲ್ಲ ಎಂದು.

ಅವನ ಮೀಟರು ಹೇಳಿದ್ದು ಹೀಗೆ: ಆ ದಿನ ಕರೆಂಟ್ ಹೋದದ್ದು ಹನ್ನೊಂದು ಐದಕ್ಕೆ, ಬಂದದ್ದು ಒಂದು ನಲವತ್ತಕ್ಕೆ. ಪಕ್ಕದ ಮನೆಯ ಮೀಟರು ಹೇಳಿದ್ದೂ ಅದನ್ನೇ. ನಡುವೆ ಒಂದು ಕ್ಷಣವೂ ಕರೆಂಟ್ ಬಂದಿರಲಿಲ್ಲ.

ತಮ್ಮ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ಹಾಕಿದ್ದರೆ ಬೀದಿಗೆ ಬೀದಿಯೇ ಬೆಳಗಬೇಕಿತ್ತು.

ಹದಿನೇಳು, ಹದಿನೆಂಟು, ಹತ್ತೊಂಬತ್ತು. ಪರದೆಯ ಮೇಲೆ ಅಂಕಿಗಳು ಮೂಡಿದವು.

ಹೋದದ್ದು ಹನ್ನೊಂದು ಐದು. ಬಂದದ್ದು ಹನ್ನೊಂದು ಮೂವತ್ತೊಂದು. ಮತ್ತೆ ಹೋದದ್ದು ಹನ್ನೊಂದು ನಲವತ್ತಮೂರು. ಮತ್ತೆ ಬಂದದ್ದು ಒಂದು ನಲವತ್ತು.

ಬೀದಿಯಲ್ಲೆಲ್ಲೂ ಇಲ್ಲದ ಕರೆಂಟು ಈ ಒಂದು ಮನೆಯಲ್ಲಿ ಹನ್ನೆರಡು ನಿಮಿಷ ಇತ್ತು. ಏಣಿ ಕಂಬದಿಂದ ಬಿದ್ದದ್ದು ಹನ್ನೊಂದು ನಲವತ್ತಮೂರಕ್ಕೆ. ಅವನ ಕೈಗಡಿಯಾರ ಅಲ್ಲಿಗೇ ನಿಂತಿತ್ತು.

ಫೋನ್ ತೆಗೆದು ಪರದೆಯ ಚಿತ್ರ ಹಿಡಿದಳು. ಒಂದು ಸಾಲದೆಂದು ಮೂರು ಹಿಡಿದಳು.

"ಕಣ್ಣು ತೋರಿಸೋಕೆ ಬಂದೋರು ಮೀಟರ್ ಯಾಕೆ ನೋಡ್ತಿದೀರಿ?"

ಕನ್ನಡಕದವನು ಒಳಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನೀರಿನ ಲೋಟ.

"ಹಳೇ ಚಾಳಿ," ಎಂದಳು ಅವಳು. "ಕೂತ್ಕೊಳ್ಳಿ. ಮಾತಾಡೋದಿದೆ."

"ನೀವು ಆ ಆಪರೇಟರ್ ಅಕ್ಕ ಅಲ್ವಾ? ಬಂದಾಗ್ಲೇ ಗುರುತು ಹಿಡಿದೆ."

"ಹಿಡಿದೂ ಒಳಗೆ ಬಿಟ್ರಾ?"

ಅವನು ಲೋಟವನ್ನು ಇಡಲು ಜಾಗ ಹುಡುಕುವವನಂತೆ ಸುತ್ತ ನೋಡಿ ಕಡೆಗೆ ಕೈಯಲ್ಲೇ ಹಿಡಿದುಕೊಂಡ. ಐವತ್ತೈದರ ಆಸುಪಾಸಿನ, ಅಂಗಿಯ ಗುಂಡಿಯನ್ನೂ ಅಳೆದು ಹಾಕಿಕೊಂಡಂತೆ ಕಾಣುವ ಅಚ್ಚುಕಟ್ಟಿನ ಮನುಷ್ಯ. ಈಗ ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಮಾಳಿಗೆ ಮೇಲೆ ಎಷ್ಟು ಹಲಗೆ?"

"ಎಂಟು. ಯಾಕೆ?"

"ಹಾಕಿಸಿ ಎಷ್ಟು ದಿನ ಆಯ್ತು?"

"ಎರಡು ವರ್ಷ." ಬಿಲ್ಲಿನ ಮಾತು ಬಂದಿತೆಂದು ಅವನ ದನಿಗೆ ಸ್ವಲ್ಪ ಜೀವ ಬಂತು. "ಯಂತ್ರ ಹಗಲೂ ರಾತ್ರಿ ಓಡತ್ತೆ. ಗಾಜು ಉಜ್ಜೋ ಮೋಟಾರು ಬೇರೆ. ನಾನು ದುಡಿದದ್ದರಲ್ಲಿ ಮೂರನೇ ಒಂದು ಪಾಲು ಕರೆಂಟಿಗೇ ಹೋಗ್ತಿತ್ತು. ಸಾಲ ಮಾಡಿ ಹಾಕಿಸ್ದೆ. ಈಗ ಬಿಲ್ಲು ಒಂದು ಹೊತ್ತಿನ ತರಕಾರಿಗೆ ಸಮ. ಆರು ವರ್ಷ ಎಂಟು ತಿಂಗಳಿಗೆ ಅಸಲು ಬರತ್ತೆ, ಆಮೇಲೆ ಹದಿನೆಂಟು ವರ್ಷ ಬಿಸಿಲು ಪುಕ್ಕಟೆ. ಕೂತು ಲೆಕ್ಕ ಹಾಕಿದೀನಿ."

"ಎಲ್ಲಾ ಲೆಕ್ಕ ಹಾಕಿದ್ರಾ?"

"ಅಂದ್ರೆ?"

"ಮೊದಲನೇ ಸಲ ಬೀದೀಲಿ ಕರೆಂಟ್ ಹೋದಾಗ ಏನಾಯ್ತು?"

ಅವನು ಕುರ್ಚಿಯಲ್ಲಿ ಕುಸಿದ. ಯಂತ್ರ ಒಳಗೆ ಬುಸ್ ಎಂದಿತು.

"ಎಲ್ಲಾ ನಿಂತ್‌ಹೋಯ್ತು," ಎಂದ. "ಮಟಮಟ ಮಧ್ಯಾಹ್ನ. ಮೇಲೆ ಸೂರ್ಯ ಧಗಧಗ ಉರೀತಿದಾನೆ, ಕೆಳಗೆ ನನ್ನ ಮನೆ ಕತ್ತಲು. ಇವಳು ಉಸಿರಿಗೆ ಒದ್ದಾಡ್ತಿದಾಳೆ. ನಾನು ಪುಸ್ತಕ ಬೀಸಿ ಗಾಳಿ ಹಾಕ್ತಿದೀನಿ. ಹಲಗೆ ಮಾರಿದ ಕಂಪನಿಯವನಿಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? 'ಅದು ಹಾಗೇ ಇರೋದು ಸಾರ್, ಬೀದೀಲಿ ಕರೆಂಟ್ ಹೋದ್ರೆ ಇದೂ ನಿಲ್ಲತ್ತೆ, ಕಾಗದದಲ್ಲಿ ಬರೆದಿದೆಯಲ್ಲ' ಅಂದ. ಹದಿನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕನ್ನಡಕ ಮಾರೋ ನಾನೇ ಓದಿರ್ಲಿಲ್ಲ."

"ದೊಡ್ಡ ಬ್ಯಾಟರಿ ಹಾಕಿಸ್ಬೇಕಿತ್ತು."

"ಹಲಗೆಗೆ ಕೊಟ್ಟಷ್ಟೇ ಮತ್ತೆ ಕೊಡ್ಬೇಕು ಬ್ಯಾಟರಿಗೆ. ಎಲ್ಲಿಂದ ತರ್ಲಿ? ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದ ಹಾಗಾಯ್ತು ನನ್ನ ಪಾಡು."

ಅವನ ಮೇಲೆ ಅವಳಿಗೆ ಮರುಕ ಬಂತು. ಆ ಮರುಕದ ಮೇಲೆಯೇ ಸಿಟ್ಟೂ ಬಂತು. ಮೀಟರಿನ ಹಲಗೆಯ ಕೆಳಗೆ ಹಳೆಯ ಚೀಲಗಳನ್ನು ಪೇರಿಸಿದ್ದರು. ಅವುಗಳನ್ನು ಕಾಲಿನಿಂದ ಸರಿಸಿದಳು. ಹಿಂದೆ ಒಂದು ಪುಟ್ಟ ಬ್ಯಾಟರಿ ಪೆಟ್ಟಿಗೆ, ಅದರಿಂದ ಹೊರಟ ಎರಡು ತಂತಿ ಸೀದಾ, ಬಿಸಿಲಿನ ಕರೆಂಟನ್ನು ಮನೆಗೆ ಒಗ್ಗಿಸುವ ಸೌರ ಇನ್ವರ್ಟರಿನ ಹೊಟ್ಟೆಗೆ ಹೋಗಿದ್ದವು.

"ಅದಕ್ಕೆ ಇದನ್ನ ಹಾಕಿಸಿದ್ರಿ. ಬೀದೀಲಿ ಕರೆಂಟ್ ಇದೆ ಅಂತ ಇನ್ವರ್ಟರಿಗೆ ಸುಳ್ಳು ಹೇಳೋ ಪೆಟ್ಟಿಗೆ. ಅದು ನಂಬತ್ತೆ, ಬಿಸಿಲಿನ ಕರೆಂಟ್ ಬಿಡತ್ತೆ, ನಿಮ್ಮನೆ ಬೆಳಗತ್ತೆ."

"ಹೌದು."

"ಆಗ ಈ ಮೇನ್ ಸ್ವಿಚ್ ಇಳಿಸಿರ್ಬೇಕು. ಇಳಿಸ್ದೇ ಇದ್ರೆ ನಿಮ್ಮನೆ ಕರೆಂಟ್ ಬೀದಿ ತಂತಿಗೆ ಹರಿಯತ್ತೆ. ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು. ಯಾವಾಗ್ಲೂ ಇಳಿಸ್ತಿದ್ದೆ. ಒಂದೂವರೆ ವರ್ಷದಿಂದ ಒಂದು ಸಲಾನೂ ತಪ್ಪಿಸಿಲ್ಲ."

"ಆವತ್ತು?"

ಮೀಟರಕ್ಕ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಕೂಗಾಡಬಾರದು, ಒಳಗೆ ರೋಗಿ ಇದ್ದಾಳೆ ಎಂದು ಹಲ್ಲು ಕಚ್ಚಿ ದನಿ ತಗ್ಗಿಸಿದಳು.

"ಆವತ್ತು ಏನಾಯ್ತು ನಾನ್ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಹನ್ನೊಂದು ಐದಕ್ಕೆ ನನ್ನ ತಮ್ಮ ಲೈನ್ ಆಫ್ ಮಾಡ್ದ. ನಿಮ್ಮ ಪೆಟ್ಟಿಗೆ ಏಳೋಕೆ ನೋಡ್ತು, ಇಡೀ ಬೀದಿ ಭಾರ ಎಳೀಲಾರದೆ ಮಲಗ್ತು. ಏಣಿ ಕಂಬ ಹತ್ತಿ, ಕೈಯಿಂದ ತಟ್ಟಿ ನೋಡ್ದ, ತಂತಿ ಸತ್ತಿದೆ. ಹನ್ನೊಂದು ಮೂವತ್ತೊಂದಕ್ಕೆ ತಂತಿ ಜೋಡಣೆ ಬಿಚ್ದ. ಆಚೆ ಇಡೀ ಬೀದಿ, ಈಚೆ ನಿಮ್ಮನೆ ಒಂದೇ. ಭಾರ ಇಳೀತು. ನಿಮ್ಮ ಪೆಟ್ಟಿಗೆ ಎದ್ದು ಕೂತ್ಕೊಳ್ತು."

"ಸಾಕು."

"ಅವನು ಕೆಳಗಿಳಿದು ತಂತಿ ಕೂರಿಸೋ ಹೊಸ ಪಿಂಗಾಣಿ ತಗೊಂಡ. ಇಸ್ತ್ರಿಯವನ ಹತ್ರ ನೀರು ಕೇಳಿ ಕುಡಿದ. 'ಈ ಬೇಸಗೇಲಿ ನೀನು ಇಸ್ತ್ರಿ ಪೆಟ್ಟಿಗೆ ಹಿಡೀಬೇಡ ಮಾರಾಯ, ಬಟ್ಟೆ ಬಿಸಿಲಿಗೆ ಇಟ್ರೆ ಸಾಕು' ಅಂತ ತಮಾಷೆ ಮಾಡ್ದ. ಮತ್ತೆ ಹತ್ತಿದ. ಎರಡನೇ ಸಲ ತಟ್ಟಿ ನೋಡ್ಲಿಲ್ಲ."

ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಅವಳಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಕೆಲಸ ಮಾಡುವ ತಂತಿಯ ಎರಡೂ ಕಡೆ ನೆಲಕ್ಕೆ ಸರಪಳಿ ಇಳಿಬಿಡಬೇಕು; ಎಲ್ಲಿಂದ ಕರೆಂಟ್ ಬಂದರೂ ಅದು ಮಣ್ಣಿಗೆ ಹೋಗುತ್ತದೆ. ಏಣಿ ಹಾಕಿದ್ದು ಒಂದೇ ಕಡೆ, ಸಬ್‌ಸ್ಟೇಷನ್ನಿನ ಕಡೆ. ಇಪ್ಪತ್ತೈದು ವರ್ಷ ಕರೆಂಟ್ ಬಂದದ್ದು ಆ ಕಡೆಯಿಂದಲೇ. ಕೊನೆಯ ಕಂಬದ ಆಚೆ ಇನ್ನೇನಿದೆ, ಒಂದು ಕನ್ನಡಕದ ಅಂಗಡಿ ಎಂದುಕೊಂಡಿದ್ದ. ಮಾಳಿಗೆ ಮಾಳಿಗೆಯ ಮೇಲೂ ಒಂದೊಂದು ಕರೆಂಟಿನ ಬಾವಿ ತೋಡಿದ್ದಾರೆಂಬುದು ಅವನ ತಲೆಗೆ ಹೋಗಿತ್ತೇ ಹೊರತು ಕೈಗೆ ಇಳಿದಿರಲಿಲ್ಲ. ಏಣಿಯ ಹೆಂಡತಿ ನಿನ್ನೆ ಒಂದು ಹನಿ ಕಣ್ಣೀರಿಲ್ಲದೆ ಬಾಗಿಲಲ್ಲಿ ಕೂತಿದ್ದಳು.

"ಶಬ್ದ ಕೇಳಿಸ್ತು," ಎಂದ ಕನ್ನಡಕದವನು ಅಂಗೈಗಳ ಒಳಗಿನಿಂದ. "ದೀಪ ಒಂದ್ಸಲ ಮಿನುಗಿ ಹೋಯ್ತು. ಹೊರಗೆ ಓಡಿದೆ. ಅವನು ಮೋರಿ ಪಕ್ಕ ಬಿದ್ದಿದ್ದ, ಕಾಲಲ್ಲಿ ಒಂದೇ ಚಪ್ಪಲಿ. ನಾನು ಏನ್ ಮಾಡ್ದೆ ಗೊತ್ತಾ? ಅವನ ಹತ್ರ ಹೋಗ್ಲಿಲ್ಲ. ಒಳಗೆ ಬಂದು ಮೊದಲು ಮೇನ್ ಇಳಿಸ್ದೆ. ಆಮೇಲೆ ಚೀಲ ಪೇರಿಸ್ದೆ. ಐದು ದಿನದಿಂದ ನಿದ್ದೆ ಇಲ್ಲ ನನಗೆ."

"ಐದು ದಿನದಿಂದ ನನ್ನ ತಮ್ಮನಿಗೂ ಇಲ್ಲ. ಅವನು ಕಲ್ಲು ನೆಲದ ಮೇಲೆ ಮಲಗ್ತಿದಾನೆ."

ಹೇಳುವಾಗಲೇ ಅವಳ ಮೈಯಿಂದ ದೊಡ್ಡದೊಂದು ಹೊರೆ ಜಾರಿತು. ಏಣಿ ಸತ್ತಿದ್ದಾನೆ, ಎದುರಿಗೆ ಒಬ್ಬ ಮನುಷ್ಯ ಕುಸಿದು ಕೂತಿದ್ದಾನೆ, ಒಳಗೆ ಒಬ್ಬಳು ಯಂತ್ರದ ದಯೆಯಿಂದ ಉಸಿರಾಡುತ್ತಿದ್ದಾಳೆ. ಆದರೂ ಅವಳಿಗೆ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು. ತನ್ನ ತಮ್ಮ ಸ್ವಿಚ್ ಹಾಕಿರಲಿಲ್ಲ. ಮೂರು ಮೀಟರು ಸಾಕ್ಷಿ. ಯಾವ ನ್ಯಾಯಾಧೀಶನ ಮುಂದೆ ಬೇಕಾದರೂ ಇಡಬಹುದು.

ಫೋನ್ ತೆಗೆದು ವಕೀಲನಿಗೆ ಒಂದು ಚಿತ್ರ ಕಳಿಸಿದಳು. ಕೆಳಗೆ 'ಸಿಕ್ಕಿತು' ಎಂದು ಬರೆದಳು.

"ಇನ್ನೊಂದೇ ಒಂದು ಪ್ರಶ್ನೆ. ಈ ಪೆಟ್ಟಿಗೆ ಜೋಡಿಸಿಕೊಟ್ಟವರು ಯಾರು? ಇದು ಬೀದಿಬದಿ ವೈರ್‌ಮನ್ ಕೆಲಸ ಅಲ್ಲ. ಕೈ ಪಳಗಿದೆ. ಅವನೂ ಕೋರ್ಟಿಗೆ ಬರ್ಬೇಕು."

ಕನ್ನಡಕದವನು ಮುಖದಿಂದ ಕೈ ತೆಗೆದ. ಅವಳನ್ನು ನೋಡಿದ ರೀತಿ ಬದಲಾಗಿತ್ತು. ಆಗಲೇ ಕೆಟ್ಟ ಸುದ್ದಿ ತಿಳಿದವನು ಇನ್ನೂ ತಿಳಿಯದವರನ್ನು ನೋಡುವ ನೋಟ ಅದು.

"ನಿಮಗೆ ಗೊತ್ತಿದ್ದೇ ಬಂದಿದೀರಿ ಅನ್ಕೊಂಡಿದ್ದೆ," ಎಂದ.

"ಏನು ಗೊತ್ತಿದ್ದು?"

"ನಿಮ್ಮ ತಮ್ಮಾನೇ ಜೋಡಿಸಿಕೊಟ್ಟಿದ್ದು."

ಅವಳು ತಿರುಗಿ ಆ ಪೆಟ್ಟಿಗೆಯ ತಂತಿಗಳನ್ನು ನೋಡಿದಳು.

"ಕನ್ನಡಕ ಮಾಡಿಸೋಕೆ ಬಂದಿದ್ದ. ಇವಳು ಒದ್ದಾಡೋದು ನೋಡ್ದ. ದುಡ್ಡು ತಗೊಳ್ಳಿಲ್ಲ. 'ನಮ್ಮಮ್ಮಾನೂ ಹೀಗೇ ಉಸಿರು ಕಟ್ಟಿ ಹೋದ್ಲು' ಅಂದ. ಒಂದೇ ಷರತ್ತು ಹಾಕ್ದ. ಲೈನ್ ಆಫ್ ಮಾಡೋ ಮುಂಚೆ ಪ್ರತಿಸಲ ತಾನೇ ಫೋನ್ ಮಾಡ್ತೀನಿ, ನಾನು ಮೇನ್ ಇಳಿಸಿ 'ಆಯ್ತು' ಅನ್ಬೇಕು, ಆಮೇಲೇ ಅವನು ಸ್ವಿಚ್ ಮುಟ್ಟೋದು. ಒಂದೂವರೆ ವರ್ಷ ಹಾಗೇ ನಡೀತು. ದೇವರಂಥ ಮನುಷ್ಯ ಅಂತ ಇವಳು ದಿನಾ ಹೇಳ್ತಿದ್ಲು."

ಹಾಗಾದರೆ ತಮ್ಮನ ಬಾಯಿ ಕಟ್ಟಿದ್ದು ದುಃಖವಲ್ಲ. ಆದರೂ ಮನಸ್ಸು ಒಂದು ದಾರಿ ಹುಡುಕಿತು. ಮರೆತಿರಬೇಕು. ಕೆಲಸದ ಗಡಿಬಿಡಿಯಲ್ಲಿ ಫೋನ್ ಮಾಡಲು ಮರೆತ. ದೊಡ್ಡ ತಪ್ಪು, ಆದರೆ ಮರೆವು. ಮರೆವಿಗೆ ಯಾರೂ ಗಲ್ಲಿಗೆ ಹಾಕುವುದಿಲ್ಲ.

"ಆವತ್ತು ಫೋನ್ ಮಾಡ್ಲಿಲ್ಲ, ಅಲ್ವಾ?" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

"ಮಾಡಿದ್ದ."

ಕನ್ನಡಕದವನು ಜೇಬಿನಿಂದ ಫೋನ್ ತೆಗೆದ. "ಗಿರಾಕಿಗಳು ಕಣ್ಣಿನ ನಂಬರು ಫೋನಲ್ಲಿ ಹೇಳ್ತಾರೆ, ತಪ್ಪಬಾರದು ಅಂತ ಎಲ್ಲಾ ಕರೆ ರೆಕಾರ್ಡ್ ಆಗೋ ಹಾಗೆ ಇಟ್ಟಿದೀನಿ." ಹುಡುಕಿ ಒತ್ತಿದ. ಹತ್ತು ಐವತ್ತೆಂಟರ ಕರೆ.

ತಮ್ಮನ ದನಿ ನಡುಮನೆಯಲ್ಲಿ ಕೇಳಿಸಿತು. ಗಾಬರಿಯಿರಲಿಲ್ಲ, ಅವಸರವಿರಲಿಲ್ಲ. ಊಟಕ್ಕೆ ತಡವಾಗುತ್ತದೆ ಕಾಯಬೇಡ ಎಂದು ಅಕ್ಕನಿಗೆ ಹೇಳುವ ಅದೇ ದನಿ.

"ಸಾರ್, ಈಗ ಲೈನ್ ಆಫ್ ಮಾಡ್ತೀನಿ. ಇವತ್ತು ಮೇನ್ ಇಳಿಸ್ಬೇಡಿ. ಒಂದು ಟೆಸ್ಟ್ ಇದೆ, ಏನೇ ಆದ್ರೂ ಹಾಗೇ ಇರ್ಲಿ. ನಾನೇ ಮತ್ತೆ ಹೇಳ್ತೀನಿ."

"ಕಂಬದ ಮೇಲೆ ಯಾರೂ ಇಲ್ವಲ್ಲಪ್ಪಾ?" ಇದು ಕನ್ನಡಕದವನ ದನಿ.

ಎರಡು ಉಸಿರಿನಷ್ಟು ಹೊತ್ತು ಮೌನ.

"ಯಾರೂ ಇಲ್ಲ ಸಾರ್."

ಕರೆ ಮುಗಿಯಿತು. ಆ ಹೊತ್ತಿಗೆ ಏಣಿ ಕಂಬದ ಬುಡದಲ್ಲಿ ನಿಂತಿದ್ದ, ಲೈನ್ ಆಫ್ ಮಾಡು ಎಂದು ಕೇಳಿದ್ದವನೂ ಅವನೇ. ಅದು ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ತಮ್ಮನ ಕೈಬರಹದಲ್ಲೇ ಇತ್ತು. ಅದನ್ನು ಓದಿ ಅವಳೇ ವಕೀಲನಿಗೆ ಕೊಟ್ಟಿದ್ದಳು.

ಯಾಕೆ ಎಂಬುದು ಅವಳಿಗೆ ತಿಳಿಯಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ಇಬ್ಬರೂ. ಹುಡುಕಿದಷ್ಟೂ ನೆನಪಿನಲ್ಲಿ ಒಂದು ಜಗಳವೂ ಸಿಗಲಿಲ್ಲ.

ಕನ್ನಡಕದವನು ಎದ್ದ. ಒಳಕೋಣೆಯ ಕಡೆ ನೋಡಿ, "ಅರ್ಧ ಗಂಟೇಲಿ ಬರ್ತೀನಿ ಕಣೇ," ಎಂದು ಕೂಗಿ ಹೇಳಿದ. ಫೋನನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

"ಎಲ್ಲಿಗೆ?"

"ಠಾಣೆಗೆ. ನನ್ನ ತಪ್ಪು ನಾನ್ ಹೇಳ್ತೀನಿ, ಇದನ್ನೂ ಕೇಳಿಸ್ತೀನಿ. ನೀವು ಬಂದದ್ದು ಒಳ್ಳೇದೇ ಆಯ್ತು ಅಕ್ಕ. ನನ್ನೊಬ್ಬನಿಂದ ಆಗ್ತಿರ್ಲಿಲ್ಲ. ನಡೀರಿ, ನೀವೂ ಬನ್ನಿ."

ಮೀಟರಕ್ಕನ ಫೋನ್ ಬಡಿದುಕೊಂಡಿತು. ವಕೀಲ. ಅವಳು ಎತ್ತಲಿಲ್ಲ. ಎದ್ದು ಕನ್ನಡಕದವನಿಗಿಂತ ಮೊದಲೇ ಬೀದಿಬಾಗಿಲು ತಲುಪಿದಳು. ಅವಳು ಬಾಗಿಲು ತೆರೆಯುತ್ತಾಳೆಂದು ಅವನು ಕಾದು ನಿಂತ.

ಅವಳು ಚಿಲಕ ಹಾಕಿದಳು.

"ಆ ಫೋನ್ ಇಲ್ಲಿ ಕೊಡಿ," ಎಂದಳು.